ಉತ್ತರ ಬೇಡದ ಕಾರ್ಡು

ಮನಸ್ಸು ಕುಗ್ಗಿದವರಿಗೆ ಕಳಿಸುವ ಕಾರ್ಡಿನ ಕಾಗದ, ಅಳತೆ ಎಲ್ಲ ಹುಟ್ಟುಹಬ್ಬದ ಕಾರ್ಡಿನದೇ. ವಿನ್ಯಾಸಕ್ಕೆ ಬೇಕಾದ ಜಾಣ್ಮೆ ಮಾತ್ರ ಬೇರೆ. ಹುಟ್ಟುಹಬ್ಬದ ಕಾರ್ಡು ಕನಿಷ್ಠ ಒಂದು ನಗುವನ್ನಾದರೂ ಬಯಸುತ್ತದೆ. ಇದು ಅದನ್ನೂ ಬಯಸುವಂತಿಲ್ಲ. ಓದಿ, ಮಡಚಿ, ದಿಂಬಿನಡಿ ತಳ್ಳಿ ಸುಮ್ಮನಿರುವ ಸ್ವಾತಂತ್ರ್ಯ ಪಡೆದವರಿಗೆ ಇರಬೇಕು.

ಈ ಪಾಠ ಬಂದದ್ದು ಕಲಾಶಾಲೆಯಿಂದಲ್ಲ, ಆಸ್ಪತ್ರೆಯಿಂದ. ಖಿನ್ನತೆಯಿಂದಲೋ ಆತ್ಮಹತ್ಯೆಯ ಯೋಚನೆಯಿಂದಲೋ ಆಸ್ಪತ್ರೆ ಸೇರಿ, ಮನೆಗೆ ಹೋದ ಮೇಲೆ ಚಿಕಿತ್ಸೆ ಮುಂದುವರಿಸದ 843 ಮಂದಿಯನ್ನು ಸ್ಯಾನ್ ಫ್ರಾನ್ಸಿಸ್ಕೋದ ಮನೋವೈದ್ಯ ಜೆರೋಮ್ ಮೋಟೊ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಐದು ವರ್ಷಗಳಲ್ಲಿ 24 ಪುಟ್ಟ ಪತ್ರಗಳು ಹೋದವು: ಮೊದಲು ತಿಂಗಳಿಗೊಂದು, ಆಮೇಲೆ ಎರಡು ತಿಂಗಳಿಗೊಂದು, ಕೊನೆಗೆ ಮೂರು ತಿಂಗಳಿಗೊಂದು. ಉಪದೇಶವಿಲ್ಲ, ಪ್ರಶ್ನಾವಳಿಯಿಲ್ಲ, ಚೆನ್ನಾಗಿದ್ದೀರೆಂದು ಭಾವಿಸುತ್ತೇವೆ, ಬರೆಯಬೇಕೆನಿಸಿದರೆ ಬರೆಯಿರಿ ಎಂಬಷ್ಟೇ ಮಾತು. ಜೊತೆಗೆ ವಿಳಾಸ ಬರೆದ ಲಕೋಟೆ, ಆದರೆ ಅಂಚೆಚೀಟಿ ಇಲ್ಲ. ಚೀಟಿ ಅಂಟಿಸಿದ್ದರೆ ಉತ್ತರ ಬರೆಯಲೇಬೇಕೆಂಬ ಮುಲಾಜು ಹುಟ್ಟುತ್ತಿತ್ತು. ಇಡೀ ಕಲೆಯ ಅತ್ಯಂತ ಸೂಕ್ಷ್ಮ ನಿರ್ಧಾರ ಬಹುಶಃ ಇದೇ. 2001ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಪತ್ರ ಪಡೆದವರಲ್ಲಿ ಆತ್ಮಹತ್ಯೆಯ ಪ್ರಮಾಣ, ಅದರಲ್ಲೂ ಮೊದಲ ಎರಡು ವರ್ಷ, ಸ್ಪಷ್ಟವಾಗಿ ಕಡಿಮೆಯಿತ್ತು.

ಅಂಗಡಿಯ ಕಾರ್ಡುಗಳಿಗೆ ಈ ಬಗೆಯ ದನಿ ಕೊಟ್ಟವರಲ್ಲಿ ಅಮೆರಿಕದ ಎಮಿಲಿ ಮ್ಯಾಕ್‌ಡೊವೆಲ್ ಮುಖ್ಯರು. 24ನೆಯ ವಯಸ್ಸಿನಲ್ಲಿ ಅವರಿಗೆ ಕ್ಯಾನ್ಸರ್ ಬಂದಿತ್ತು. ಏನು ಹೇಳಬೇಕೆಂದು ತೋಚದೆ ಆಪ್ತರು ದೂರ ಸರಿದದ್ದು ಅವರನ್ನು ಬಹಳ ನೋಯಿಸಿತ್ತು. 2015ರಲ್ಲಿ ಅವರು ತಂದ ಕಾರ್ಡುಗಳು ಆ ತೋಚದಿರುವಿಕೆಯನ್ನೇ ನೇರವಾಗಿ ಒಪ್ಪಿಕೊಂಡವು.

ಒಕ್ಕಣೆಯಲ್ಲೇ ಹೆಚ್ಚಿನ ಕೆಲಸ. ‘ಎಲ್ಲಾ ಸರಿಹೋಗುತ್ತೆ’ ಎಂಬುದು ಯಾರೂ ಕೊಡಲಾಗದ ಭರವಸೆ. ‘ನಿನಗಿಂತ ಕಷ್ಟದಲ್ಲಿರುವವರು ಎಷ್ಟಿಲ್ಲ’ ಎಂಬುದು ಗದರಿಕೆ. ‘ಏನಾದರೂ ಬೇಕಿದ್ದರೆ ಹೇಳು’ ಎಂಬುದು ಕೇಳಲು ಸೌಜನ್ಯ, ಆದರೆ ಬೇಕಾದ್ದನ್ನು ಹುಡುಕಿ ಬಾಯಿಬಿಡುವ ಹೊರೆ ಬೀಳುವುದು ಹಾಸಿಗೆ ಬಿಟ್ಟು ಏಳಲಾಗದವರ ಮೇಲೆ. ‘ಗುರುವಾರ ಸಾರು ತಂದು ಬಾಗಿಲ ಬಳಿ ಇಟ್ಟು ಹೋಗ್ತೀನಿ, ಮಾತಾಡಿಸಲೇಬೇಕು ಅಂತೇನಿಲ್ಲ’ ಎಂಬ ಸಾಲು ಅದಕ್ಕಿಂತ ಎಷ್ಟೋ ಮೇಲು. ಬರೆದವರು ಗುರುವಾರ ಹೋಗಲೇಬೇಕು, ಅಷ್ಟೆ.

ಚಿತ್ರದಲ್ಲಿ ತಲೆ ಹಿಡಿದು ಕೂತ ನೆರಳಿನಾಕೃತಿ ಬೇಡ. ಕಾಯಿಲೆಯನ್ನು ಪಡೆದವರಿಗೇ ತೋರಿಸಿಕೊಟ್ಟಂತಾಗುತ್ತದೆ. ಸೂರ್ಯೋದಯ ಸವಕಲು. ಕಿಟಕಿಯಲ್ಲಿ ಮಲಗಿದ ಬೆಕ್ಕೋ ಕಾಫಿ ಲೋಟವೋ ಸಾಕು. ಕನ್ನಡದ ಕಾರ್ಡಾದರೆ ಸಾಲುಗಳ ನಡುವೆ ಧಾರಾಳ ಜಾಗ ಬೇಕು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿದರೆ ದಣಿದ ಕಣ್ಣಿಗೆ ಓದು ತ್ರಾಸ.

ಕಾಗದ 300 ಜಿಎಸ್‌ಎಂ ಆಸುಪಾಸಿನದು, ಹೊಳಪಿಲ್ಲದ್ದು. ನುಣುಪು ಕಾಗದದಲ್ಲಿ ಶಾಯಿ ಒಣಗದೆ ಕೈಗೆ ಅಂಟುತ್ತದೆ; ಒಳಪುಟವೋ ಕೈಬರಹಕ್ಕೆಂದೇ ಖಾಲಿ ಬಿಟ್ಟದ್ದು. ಕಾಗದದ ನಾರು ಓಡುವ ದಿಕ್ಕಿಗೇ ಕ್ರೀಸ್ ಹಾಕಿದರೆ ಮಡಿಕೆ ಒಡೆಯುವುದಿಲ್ಲ. ಲಕೋಟೆಯ ಮೇಲೆ ಕಾಯಿಲೆಯ ಸುಳಿವು ಕೊಡುವ ಅಕ್ಷರವಾಗಲಿ ಲಾಂಛನವಾಗಲಿ ಇರಬಾರದು, ಅಂಚೆಯವರಿಂದ ಹಿಡಿದು ಮನೆಮಂದಿಯವರೆಗೆ ಎಲ್ಲರ ಕಣ್ಣಿಗೂ ಅದು ಬೀಳುತ್ತದಲ್ಲ.

ಸಹಾಯವಾಣಿಯ ಸಂಖ್ಯೆಯ ಜಾಗ ಹಿಂಬದಿಯಲ್ಲಿ. ಭಾರತದಲ್ಲಾದರೆ 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416. ಹಗಲಿರುಳೂ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಮುಖಪುಟದಲ್ಲೇ ಅಚ್ಚು ಹಾಕಿದರೆ ಕಾರ್ಡು ಆರೋಗ್ಯ ಇಲಾಖೆಯ ಕರಪತ್ರದಂತಾಗುತ್ತದೆ.