ಹಾಂಗಂದ್ರ ಹ್ಯಾಂಗ?

ದೀಪಾವಳಿ ಅಮಾವಾಸ್ಯೆ ಕಳೆದು ಪಾಡ್ಯದ ಬೆಳಗಾದರೆ ವಡೋದರಾದ ಗೋರ್ವಾ ಬಡಾವಣೆಯ ಓಣಿಗಳಲ್ಲಿ ಹೊಸ ಬಟ್ಟೆಯ ಮಂದಿ ಮನೆಯಿಂದ ಮನೆಗೆ ಹೋಗಿ ‘ಸಾಲ್ ಮುಬಾರಕ್’ ಹೇಳುತ್ತಾರೆ. ಗುಜರಾತಿಗಳ ಬೆಸ್ತು ವರಸ್ ಅದು. ಅಕ್ಕಲಕೋಟೆ ಕಡೆಯ ನಮ್ಮ ಬಂಧುಗಳು ‘ಅದ್ಯಾವ ಹಬ್ಬ?’ ಎಂದು ಕೇಳಿದರೆ ಎರಡು ಉತ್ತರ ಕೊಡಬಹುದು. ‘ನಮ್ಮ ಬಲಿಪಾಡ್ಯ’ ಎನ್ನಬಹುದು. ತಿಥಿ ಒಂದೇ, ಕಾರ್ತಿಕ ಶುದ್ಧ ಪಾಡ್ಯ. ‘ಇವರ ಯುಗಾದಿ’ ಎಂದೂ ಅನ್ನಬಹುದು. ನಮ್ಮ ಯುಗಾದಿ ಚೈತ್ರದ್ದು, ಇವರದು ಕಾರ್ತಿಕದ್ದು. ಆದರೂ ಎರಡನೆಯ ಮಾತು ಕಿವಿಗೆ ಬಿದ್ದೊಡನೆ ಕೇಳಿದವರಿಗೆ ಎಲ್ಲವೂ ತಿಳಿದುಬಿಡುತ್ತದೆ: ಹೊಸ ವರ್ಷ, ಹಿರಿಯರ ಕಾಲಿಗೆ ನಮಸ್ಕಾರ, ಬಾಯಿಗೆ ಸಿಹಿ.

ಎರಡೂ ಹೋಲಿಕೆಗಳೇ, ಜಾತಿ ಮಾತ್ರ ಬೇರೆ. ಮೊದಲನೆಯದು ದಿನಕ್ಕೆ ದಿನವನ್ನು ಜೋಡಿಸಿತು. ಎರಡನೆಯದು ನಂಟಿಗೆ ನಂಟನ್ನು ಜೋಡಿಸಿತು: ನಮಗೆ ಯುಗಾದಿ ಏನೋ, ಇವರಿಗೆ ಬೆಸ್ತು ವರಸ್ ಅದೇ. ಅಮೆರಿಕದ ಮನೋವಿಜ್ಞಾನಿ ಡೆಡ್ರೆ ಗೆಂಟ್ನರ್ 1983ರಲ್ಲಿ ಮಂಡಿಸಿದ ಸಿದ್ಧಾಂತದ ತಿರುಳೂ ಇದೇ. ಒಳ್ಳೆಯ ಹೋಲಿಕೆಯಲ್ಲಿ ದಾಟಿಹೋಗುವುದು ವಸ್ತುಗಳ ಬಣ್ಣ, ಆಕಾರ ಅಲ್ಲ. ವಸ್ತುಗಳ ನಡುವಿನ ಸಂಬಂಧ. ಎರಡು ಭಾಷೆಗಳ ನಡುವೆ ಸಂಸಾರ ಮಾಡುವವರಿಗೆ ಇದು ದಿನನಿತ್ಯದ ಅನುಭವ.

ನಮ್ಮ ಅಲಂಕಾರಶಾಸ್ತ್ರ ಹೋಲಿಕೆಯನ್ನು ನಾಲ್ಕು ಭಾಗ ಮಾಡಿ ತೋರಿಸುತ್ತದೆ. ವರ್ಣಿಸಬೇಕಾದ ಉಪಮೇಯ, ಹೋಲಿಸಲು ತಂದ ಉಪಮಾನ, ಎರಡಕ್ಕೂ ಸಲ್ಲುವ ಸಾಧಾರಣ ಧರ್ಮ, ‘ಅಂತೆ’, ‘ಹಾಗೆ’ ಎಂಬ ವಾಚಕ. ಸಂಸ್ಕೃತದಲ್ಲಿ ದಂಡಿಯ ಕಾವ್ಯಾದರ್ಶ ಉಪಮೆಯಲ್ಲೇ ಮೂವತ್ತಕ್ಕೂ ಹೆಚ್ಚು ಬಗೆ ಎಣಿಸುತ್ತದೆ. ಅದನ್ನು ಬಹುಮಟ್ಟಿಗೆ ಅನುಸರಿಸಿ ಕನ್ನಡದಲ್ಲಿ ಈ ಚರ್ಚೆ ತಂದದ್ದು ಕ್ರಿ.ಶ. 850ರ ಸುಮಾರಿನ ಕವಿರಾಜಮಾರ್ಗ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದ ಕೃತಿ. ಆ ಆಸ್ಥಾನಕ್ಕೂ ಈ ಊರಿಗೂ ಹಳೆಯ ನಂಟಿದೆ. ಬಾಲಕ ಅಮೋಘವರ್ಷ ಪಟ್ಟಕ್ಕೆ ಬಂದ ಹೊಸತರಲ್ಲಿ ಸಾಮಂತರು ದಂಗೆ ಎದ್ದರು. ಅವನನ್ನು ಮತ್ತೆ ಸಿಂಹಾಸನದಲ್ಲಿ ಕೂರಿಸಿದವನು ದಕ್ಷಿಣ ಗುಜರಾತಿನ ಲಾಟ ದೇಶ ಆಳುತ್ತಿದ್ದ ದಾಯಾದಿ ಕರ್ಕ ಸುವರ್ಣವರ್ಷ. ಇದೇ ಕರ್ಕನ 812ರ ತಾಮ್ರಪಟದಲ್ಲಿ ವಡಪದ್ರಕ ಎಂಬ ಹಳ್ಳಿ ದಾನ ಕೊಟ್ಟ ಸಂಗತಿ ಇದೆ. ಆಗ ಅದು ಅಂಕೋಟ್ಟಕ ಪಟ್ಟಣಕ್ಕೆ ಸೇರಿದ ಹಳ್ಳಿ. ವಡಪದ್ರಕ ಇಂದಿನ ವಡೋದರಾ, ಅಂಕೋಟ್ಟಕ ಇಂದು ಅದೇ ನಗರದ ಅಕೋಟಾ ಬಡಾವಣೆ. ಕರ್ಕ ಹೋಗಿ ಆಸರೆಯಾಗದಿದ್ದರೆ ಕವಿರಾಜಮಾರ್ಗದ ಗತಿ ಏನಾಗುತ್ತಿತ್ತು ಎಂದು ಯೋಚಿಸುವ ಹಕ್ಕು ವಡೋದರಾದ ಕನ್ನಡಿಗರಿಗೆ ಇದೆ.

ಶಾಸ್ತ್ರದಿಂದ ಗೋರ್ವಾದ ಕೈಗಾರಿಕಾ ವಸಾಹತಿಗೆ ಬರೋಣ. ಇಲ್ಲಿನ ಚಹಾ ಗಾಡಿಗಳ ಮುಂದೆ ಪಾಳಿ ಮುಗಿದವರು ನಿಂತಾಗ ಗುಜರಾತಿ, ಹಿಂದಿ ಕೇಳುತ್ತವೆ, ಇಲ್ಲಿ ಆಳಿದ ಮರಾಠಾ ಗಾಯಕವಾಡರ ಕಾಲದಿಂದ ಉಳಿದ ಮರಾಠಿಯೂ ಕೇಳುತ್ತದೆ. ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳದ ಹುಡುಗನ ಬಗ್ಗೆ ಗುಜರಾತಿಯವರು ‘ಭೇಂಸ್ ಆಗಳ್ ಭಾಗವತ್’, ಅಂದರೆ ಎಮ್ಮೆಯ ಮುಂದೆ ಭಾಗವತ, ಎನ್ನುತ್ತಾರೆ. ಮರಾಠಿಯಲ್ಲಿ ಕತ್ತೆಯ ಮುಂದೆ ಗೀತೆ ಓದುತ್ತಾರೆ. ನಾವು ಕೋಣನ ಮುಂದೆ ಕಿನ್ನರಿ ಬಾರಿಸುತ್ತೇವೆ. ಪ್ರಾಣಿ ಬದಲಾಯಿತು, ಗ್ರಂಥ ಹೋಗಿ ವಾದ್ಯ ಬಂತು. ಹೇಳುವವನ ಶ್ರಮ, ಕೇಳುವವನ ಕಿವುಡು, ಇವೆರಡರ ನಡುವಿನ ದೂರ ಮಾತ್ರ ಹಾಗೆಯೇ ಉಳಿಯಿತು. ಗುಜರಾತಿಯಲ್ಲಿ ‘ಭೇಂಸ್’, ‘ಭಾಗವತ್’ ಎಂಬ ಎರಡೇ ಶಬ್ದ ಗೊತ್ತಿರುವವನಿಗೂ ಆ ಗಾದೆ ಅರ್ಥವಾಗುತ್ತದೆ. ಗಡಿಯಾಚೆಯ ಭಾಷೆ ಕಲಿಯುವವರಿಗೆ ವ್ಯಾಕರಣಕ್ಕಿಂತ ಮೊದಲು ಗಾದೆ ಒಲಿಯುವುದು ಇದಕ್ಕೇ. ದೂರದ ಬೆಟ್ಟ ನಮಗೆ ನುಣ್ಣಗೆ, ಇವರಿಗೆ ‘ರಳಿಯಾಮಣಾ’, ಅಂದರೆ ಚೆಲುವು. ಹನಿ ಹನಿ ಕೂಡಿ ನಮ್ಮಲ್ಲಿ ಹಳ್ಳವಾಗುತ್ತದೆ, ಇಲ್ಲಿ ‘ಟೀಪೇ ಟೀಪೇ’ ಸರೋವರ ತುಂಬುತ್ತದೆ.

ಆದರೆ ಸಾಧಾರಣ ಧರ್ಮವನ್ನು ಬಾಯಿಬಿಟ್ಟು ಹೇಳದೆ ಬಿಟ್ಟಾಗ ತೊಡಕು ಹುಟ್ಟುತ್ತದೆ. ಹೀಗೆ ಒಂದು ಅಂಗ ಕಾಣೆಯಾದ ಉಪಮೆಗೆ ಲುಪ್ತೋಪಮೆ ಎಂದು ಹೆಸರು. ಗುಜರಾತಿಯ ‘ಬಾಂಧೀ ಮುಠ್ಠೀ ಲಾಖ್‌ನೀ’ ಎಂಬ ಮಾತು ನೋಡಿ: ಬಿಗಿಹಿಡಿದ ಮುಷ್ಟಿಗೆ ಲಕ್ಷದ ಬೆಲೆ. ನಮ್ಮ ಕಡೆಯಿಂದ ಬಂದವರು ಇದನ್ನು ಕೇಳಿ ಒಗ್ಗಟ್ಟಿನಲ್ಲಿ ಬಲವಿದೆ ಎಂದು ತಲೆದೂಗಬಹುದು. ಐದು ಬೆರಳು ಕೂಡಿದರೆ ಮುಷ್ಟಿ ಎಂಬ ಪಾಠ ನಮ್ಮ ತಲೆಯಲ್ಲಿ ಕೂತಿದೆ. ಇವರು ಸಾಮಾನ್ಯವಾಗಿ ಹೇಳುವುದು ಬೇರೆ. ಒಳಗೆ ಏನಿದೆ ಎಂದು ಕಾಣದಿರುವವರೆಗೆ ಮುಷ್ಟಿಗೆ ಬೆಲೆ, ಆದ್ದರಿಂದ ಗುಟ್ಟು ಬಿಡಬೇಡ. ಚಿತ್ರ ಒಂದೇ, ಅದರಿಂದ ಆರಿಸಿಕೊಂಡ ಗುಣ ಎರಡು. ಮರಾಠಿ ಬಲ್ಲ ಗಡಿಯವರು ಇಲ್ಲಿ ಎಡವುವುದಿಲ್ಲ. ಮರಾಠಿ ಗಾದೆ ಮುಷ್ಟಿಯನ್ನು ‘ಝಾಕಲೀ’, ಅಂದರೆ ಮುಚ್ಚಿದ್ದು ಎಂದೇ ಕರೆದು ಬೆಲೆಯನ್ನು ಸವಾ ಲಕ್ಷಕ್ಕೆ ಏರಿಸುತ್ತದೆ. ಕನ್ನಡಕ್ಕೂ ಗುಜರಾತಿಗೂ ನಡುವೆ ಮರಾಠಿ ಹೀಗೆ ಅನೇಕ ಸಲ ದುಭಾಷಿಯ ಕೆಲಸ ಮಾಡುತ್ತದೆ.

ಈ ದುಭಾಷಿಯನ್ನು ಕಣ್ಣು ಮುಚ್ಚಿ ನಂಬುವಂತಿಲ್ಲ. ಕನ್ನಡದಲ್ಲಿ ಹಾಲು, ನೀರು, ಚಹಾ ಎಲ್ಲವೂ ‘ಅದು’. ಗುಜರಾತಿಯಲ್ಲೂ ಮರಾಠಿಯಲ್ಲೂ ಜಡ ವಸ್ತುಗಳಿಗೆ ಮೂರು ಲಿಂಗ. ಹಾಲು ಎರಡರಲ್ಲೂ ನಪುಂಸಕ, ನೀರೂ ಅಷ್ಟೇ. ಇದನ್ನು ಕಂಡ ಮನಸ್ಸು ಲೆಕ್ಕ ಹಾಕುತ್ತದೆ: ಮರಾಠಿಯಲ್ಲಿ ಹೇಗೋ ಗುಜರಾತಿಯಲ್ಲೂ ಹಾಗೆ. ಈ ಲೆಕ್ಕ ತಪ್ಪುವುದು ಚಹಾದ ಲೋಟದಲ್ಲಿ. ಮರಾಠಿಯ ಚಹಾ ಗಂಡು, ಗುಜರಾತಿಯ ಚಾ ಹೆಣ್ಣು. ಚಹಾ ಚೆನ್ನಾಗಿದೆ ಎನ್ನಲು ‘ಚಾ ಸಾರೋ ಛೇ’ ಎಂದವನನ್ನು ಗಾಡಿಯವನು ನಕ್ಕು ತಿದ್ದುತ್ತಾನೆ: ‘ಸಾರೀ ಛೇ’.

ಇದೇ ಲೆಕ್ಕವನ್ನು ಮಕ್ಕಳು ಇನ್ನೂ ಧೈರ್ಯವಾಗಿ ಹಾಕುತ್ತಾರೆ. ‘ಮಾಡು’ ಇದ್ದದ್ದು ‘ಮಾಡಿದೆ’ ಆಗುತ್ತದೆ, ‘ನೋಡು’ ‘ನೋಡಿದೆ’ ಆಗುತ್ತದೆ. ಹಾಗಾದರೆ ‘ಕೊಡು’ ‘ಕೊಡಿದೆ’ ಯಾಕಾಗಬಾರದು? ಗೋರ್ವಾದಲ್ಲಿ ಬೆಳೆಯುವ ಕನ್ನಡದ ಮಗು ಹೀಗೆಂದರೆ ಮನೆಯವರು ಗುಜರಾತಿ ಶಾಲೆಯ ಸಹವಾಸವನ್ನು ಬೈಯುತ್ತಾರೆ. ಆದರೆ ಧಾರವಾಡದ ಮಗುವೂ ‘ಕೊಡಿದೆ’ ಎನ್ನಬಹುದು. ‘ಕೊಟ್ಟೆ’ ಎಂಬುದನ್ನು ಕೇಳಿ ಕಲಿಯಬೇಕು. ‘ಕೊಡಿದೆ’ಯನ್ನು ಯಾರೂ ಕಲಿಸಿರುವುದಿಲ್ಲ, ಅದು ಮಗುವಿನ ಸ್ವಂತ ಗಳಿಕೆ. ಹತ್ತೊಂಬತ್ತನೆಯ ಶತಮಾನದ ಜರ್ಮನ್ ಭಾಷಾಶಾಸ್ತ್ರಜ್ಞ ಹೆರ್ಮನ್ ಪೌಲ್ ಭಾಷೆ ಬದಲಾಗುವುದನ್ನು ಇದೇ ಬಗೆಯ ಅನುಪಾತದಿಂದ ವಿವರಿಸಿದ. ದೊಡ್ಡವರ ಕನ್ನಡವೂ ಇದನ್ನೇ ಮಾಡಿದೆ. ಪರಭಾಷೆಯಿಂದ ಬಂದ ಚಲಾಯಿಸು, ಬದಲಾಯಿಸು, ಜಮಾಯಿಸು ಒಂದೇ ಅಚ್ಚಿನಲ್ಲಿ ಬಂದು ಕೂತಿವೆ.

ಭಾಷೆಗಳು ಬಹುಕಾಲ ಅಕ್ಕಪಕ್ಕ ಇದ್ದರೆ ವಾಕ್ಯದ ಕಟ್ಟೇ ಒಂದನ್ನೊಂದು ಹೋಲತೊಡಗುತ್ತದೆ. ಸಾಂಗ್ಲಿ ಜಿಲ್ಲೆಯ ಕುಪವಾಡದಲ್ಲಿ ಕನ್ನಡ, ಮರಾಠಿ, ಉರ್ದು ಒಟ್ಟಿಗೆ ಬಾಳಿದ ಬಗೆಯನ್ನು ಸಂಶೋಧಕರಾದ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಲೇಖನದಲ್ಲಿ ತೋರಿಸಿದರು. ಶಬ್ದಗಳು ಬೇರೆ ಬೇರೆ ಉಳಿದಿದ್ದವು, ವಾಕ್ಯರಚನೆ ಮಾತ್ರ ಬಹುಮಟ್ಟಿಗೆ ಒಂದೇ ಆಗಿತ್ತು. ಅಲ್ಲಿನ ಮರಾಠಿ ಕನ್ನಡದ ಲಿಂಗಪದ್ಧತಿಯತ್ತ ವಾಲಿತ್ತು. ಅಂಥ ಊರಲ್ಲಿ ಚಹಾದ ಲಿಂಗಕ್ಕೆ ನಗುವವರು ಕಡಿಮೆ.

ಕೊನೆಗೊಂದು ಪ್ರಾಣಿಯ ವಿಷಯ. ಉಪಮಾನವನ್ನು, ಇಲ್ಲಿ ಅಂದರೆ ಹೋಲಿಕೆಯಿಂದ ಅರಿಯುವುದನ್ನು, ಜ್ಞಾನದ ಪ್ರಮಾಣವೆಂದೇ ಒಪ್ಪುವ ನ್ಯಾಯದರ್ಶನದ ಪ್ರಸಿದ್ಧ ಉದಾಹರಣೆ ಗವಯ. ‘ಗೋವಿನಂತೆ ಇರುವುದು ಗವಯ’ ಎಂದು ಕೇಳಿದ್ದ ಪಟ್ಟಣಿಗ ಕಾಡಿನಲ್ಲಿ ಅದನ್ನು ಕಂಡು ಗುರುತಿಸುತ್ತಾನೆ. ಗವಯವೆಂದರೆ ನೀಲಗಾಯಿ ಎಂಬ ಅರ್ಥವೂ ಇದೆ. ಗುಜರಾತಿನ ಹೊಲಗಳಿಗೆ ನುಗ್ಗುವ ಅದನ್ನು ಇಲ್ಲಿಯವರು ರೋಝ್ ಎನ್ನುತ್ತಾರೆ. ಅದು ಹುಲ್ಲೆಯ ಬಳಗದ್ದು, ಆಕಳಲ್ಲ. ಆದರೂ ಹೆಸರಿನಲ್ಲಿ ‘ಗಾಯ್’ ಸೇರಿದ್ದರಿಂದ ಉತ್ತರ ಭಾರತದಲ್ಲಿ ಬೆಳೆ ಹಾಳಾದರೂ ಅದನ್ನು ಕೊಲ್ಲಲು ಹಿಂಜರಿಯುವ ರೈತರು ಬಹಳ. ಗುರುತಿಸಲು ನೆರವಾದ ಹೋಲಿಕೆ ಅಷ್ಟಕ್ಕೇ ನಿಲ್ಲಲಿಲ್ಲ, ಆಕಳಿನ ಪಾವಿತ್ರ್ಯವನ್ನೂ ಹೊತ್ತು ತಂದಿತು.

ಹೊಸದಾಗಿ ಗೋರ್ವಾಕ್ಕೆ ಬರುವ ನಮ್ಮವರಿಗೆ ನಾನು ಹೇಳುವುದು ಇಷ್ಟೇ. ಬೆಸ್ತು ವರಸ್ ಯುಗಾದಿ ಹಾಂಗ ಎಂದು ಧಾರಾಳವಾಗಿ ಹೇಳಿ. ಅದರ ಬೆನ್ನಿಗೇ ಬೇವು ಬೆಲ್ಲ ಇರುವುದಿಲ್ಲ ಎಂದೂ ಹೇಳಿಬಿಡಿ. ಇಲ್ಲವಾದರೆ ಊರಿಂದ ಬಂದವರು ಅದನ್ನೇ ಕಾಯುತ್ತ ಕೂಡುತ್ತಾರೆ.