ರಿಪೋರ್ಟಿನ ಒಂದೇ ಸಾಲು

ಸೊರಬದ ನನ್ನ ಖಾಲೂ, ಅಂದರೆ ಚಿಕ್ಕಮ್ಮನ ಗಂಡ, ಹೋದ ವರ್ಷ ತೀರಿಕೊಂಡರು. ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರ್. ಉರ್ದುವಿನಲ್ಲಿ ಈ ಗ್ರಂಥಿಗೆ 'ಲಬ್‌ಲಬಾ' ಎನ್ನುತ್ತಾರೆಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಖಾಲಾ ಇವತ್ತಿಗೂ ಕೇಳುತ್ತಾರೆ: "ಆರು ತಿಂಗಳ ಮುಂಚೆ ಶಿಕಾರಿಪುರದಲ್ಲಿ ರಕ್ತ ಪರೀಕ್ಷೆ ಮಾಡಿಸಿದ್ದೆವಲ್ಲ ಬೇಟಾ, ಬಿಳಿ ರಕ್ತಕಣ ಸರಿಯಾಗಿದೆ ಅಂದರಲ್ಲ?"

ನಾನು ಕಾಮರ್ಸ್ ವಿದ್ಯಾರ್ಥಿನಿ. ವಿಜ್ಞಾನ ವಿಭಾಗದ ಮೇಡಂ ಹತ್ತಿರ ಹೋಗಿ ಕೇಳಿದೆ. ಸಾಮಾನ್ಯ ಸಿಬಿಸಿ ರಿಪೋರ್ಟಿನಲ್ಲಿ 'ಲಿಂಫೋಸೈಟ್' ಎಂಬುದು ಒಂದೇ ಸಾಲು. ಕ್ಯಾನ್ಸರ್ ಕೋಶವನ್ನು ಕೊಲ್ಲುವ ಟಿ ಕೋಶಗಳೂ ಅವಕ್ಕೆ ಲಗಾಮು ಹಾಕುವ ಟಿ ಕೋಶಗಳೂ ಅದರೊಳಗೇ ಸೇರಿವೆ. ಡೆಟರ್ಸ್, ಕ್ರೆಡಿಟರ್ಸ್ ಇಬ್ಬರನ್ನೂ ಒಂದೇ ಮೊತ್ತಕ್ಕೆ ಕೂಡಿಸಿದ ಹಾಗೆ! (ನಮ್ಮ ಅಕೌಂಟೆನ್ಸಿ ಸರ್ ಆಗಿದ್ದರೆ ಸೊನ್ನೆ ಕೊಡುತ್ತಿದ್ದರು.) ಲಗಾಮಿನ ಕೋಶಗಳನ್ನು 1995ರಲ್ಲಿ ತೋರಿಸಿಕೊಟ್ಟ ಜಪಾನಿನ ಶಿಮೊನ್ ಸಕಗುಚಿ 2025ರ ನೊಬೆಲ್ ಹಂಚಿಕೊಂಡರು. ಲಗಾಮು ಇಲ್ಲದಿದ್ದರೆ ರಕ್ಷಣಾ ಕೋಶಗಳು ನಮ್ಮ ದೇಹವನ್ನೇ ತಿನ್ನುತ್ತವೆ. ಅತಿಯಾದರೆ ಗಡ್ಡೆಗೆ ಅನುಕೂಲ. ಇವೆರಡರ ಪ್ರಮಾಣ ನೋಡಿ ಈ ಕ್ಯಾನ್ಸರಿನ ಅಪಾಯವನ್ನು ಮೊದಲೇ ಅಂದಾಜು ಮಾಡಬಹುದೇ ಎಂದು ಸಂಶೋಧಕರು ಹುಡುಕುತ್ತಿದ್ದಾರೆ. ಆದರೆ ಅದು ಸಾವಿರಾರು ಜನರ ಲೆಕ್ಕ, ಒಬ್ಬರ ಭವಿಷ್ಯವಲ್ಲ.

"ರಿಪೋರ್ಟ್ ಸುಳ್ಳಲ್ಲ ಖಾಲಾ, ಅದು ಅದರಲ್ಲಿ ಕಾಣುವುದೇ ಇಲ್ಲ," ಎಂದೆ.

"ಮತ್ತೆ ಅವರಿಗೆ ಇದ್ದಕ್ಕಿದ್ದ ಹಾಗೆ ಶುಗರ್ ಬಂತಲ್ಲ, ಸೊರಗಿದರಲ್ಲ?"

ಅದು ನಿಜವಾದ ಸುಳಿವು. ಐವತ್ತು ದಾಟಿದ ಮೇಲೆ ಹೊಸದಾಗಿ ಶುಗರ್ ಬಂದ ನೂರು ಜನರಲ್ಲಿ ಸುಮಾರು ಒಬ್ಬರಿಗೆ ಮೂರು ವರ್ಷದೊಳಗೆ ಈ ಕ್ಯಾನ್ಸರ್ ಪತ್ತೆಯಾಗುತ್ತದೆ. ಜೊತೆಗೆ ತೂಕವೂ ಇಳಿದರೆ ಡಾಕ್ಟರಿಗೆ ಹೇಳಲೇಬೇಕು. ಈಗ ಮಾಮೂಗೂ ಶುಗರ್ ಬಂದಿದೆ. ಖಾಲಾ ಪ್ರತಿ ಭಾನುವಾರ ಫೋನ್ ಮಾಡಿ ಅವರ ತೂಕ ಕೇಳುತ್ತಾರೆ.