ಅಜ್ಜನ ರಿಪೋರ್ಟು

ತುಮಕೂರಿನ ಶೆಟ್ಟಿಹಳ್ಳಿಯ ಆ ಮನೆಯಲ್ಲಿ ಮಾತ್ರೆಗಳಿಗೆಂದೇ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ಇತ್ತು. ಐದು ದಿನಕ್ಕೆಂದು ತಂದ ಮಾತ್ರೆಯಲ್ಲಿ ಎರಡು ದಿನದ್ದು ಉಳಿದರೆ ಅದು ಡಬ್ಬಿ ಸೇರುತ್ತಿತ್ತು. ಮನೆಯಲ್ಲಿ ಇನ್ಯಾರಿಗೋ ನೆಗಡಿಯಾದಾಗ ಹೊರಗೆ ಬರುತ್ತಿತ್ತು. ‘ದುಡ್ಡು ಕೊಟ್ಟು ತಂದದ್ದು, ಎಸೆಯೋಕಾಗುತ್ತಾ?’ ಎಂಬುದು ಅಜ್ಜನ ವಾದ.

ಆ ಅಜ್ಜನಿಗೇ ಒಮ್ಮೆ ಮೂತ್ರದ ಸೋಂಕಾಗಿ ಚಳಿಜ್ವರ ಹಿಡಿಯಿತು. ಡಬ್ಬಿಯ ಮಾತ್ರೆ ನಾಟಲಿಲ್ಲ. ಆಸ್ಪತ್ರೆಗೆ ಸೇರಿಸಿದಾಗ ವೈದ್ಯರು ಮೂತ್ರವನ್ನು ಕಲ್ಚರ್ ಪರೀಕ್ಷೆಗೆ ಕಳಿಸಿ, ಸದ್ಯಕ್ಕೆ ಅಂದಾಜಿನ ಮೇಲೆ ಔಷಧಿ ಶುರುಮಾಡಿದರು. ಜ್ವರ ಇಳಿಯಲಿಲ್ಲ. ಮೂರನೆಯ ದಿನ ಬಂದ ರಿಪೋರ್ಟನ್ನು ಪಿಯುಸಿ ಓದುವ ಮೊಮ್ಮಗಳು ಬಿಡಿಸಿ ನೋಡಿದಳು. ಔಷಧಿಗಳ ಉದ್ದನೆಯ ಪಟ್ಟಿ. ಹೆಚ್ಚಿನವುಗಳ ಮುಂದೆ ‘ಆರ್’, ಅಂದರೆ ರೋಗಾಣು ಅದಕ್ಕೆ ಬಗ್ಗುವುದಿಲ್ಲ. ಕೆಲವಕ್ಕೆ ಮಾತ್ರ ‘ಎಸ್’. ಆ ಕೆಲವುಗಳಲ್ಲಿ ಒಂದು ಇಂಜೆಕ್ಷನ್ ಅಜ್ಜನನ್ನು ಉಳಿಸಿತು.

‘ರಿಪೋರ್ಟಿಗೆ ಮೂರು ದಿನ ಯಾಕೆ ಸಾರ್?’ ಎಂದು ಕೇಳಿದಳು ಹುಡುಗಿ.

‘ರೋಗಾಣು ಮೊದಲು ಬೆಳೀಬೇಕಲ್ಲಮ್ಮ. ಆಮೇಲೆ ಯಾವ ಔಷಧಿಗೆ ಸಾಯುತ್ತೆ ಅಂತ ನೋಡಬೇಕು. ಬೇಗ ಹೇಳೋ, ಅಗ್ಗದ ಪರೀಕ್ಷೆ ನೀನೇ ಕಂಡುಹಿಡಿ’ ಎಂದು ವೈದ್ಯರು ನಕ್ಕರು.

ನಗುತ್ತಾ ಹೇಳಿದರೂ ಅದು ದೇಶದ ಮುಂದಿರುವ ಪ್ರಶ್ನೆಯೇ. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳಿಂದಲೇ 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂದು ಅಂದಾಜು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2013ರಲ್ಲಿ ದೊಡ್ಡ ಆಸ್ಪತ್ರೆಗಳ ಜಾಲ ಕಟ್ಟಿ ಇದರ ಲೆಕ್ಕ ಇಡಲು ತೊಡಗಿತು. 2017ರಲ್ಲಿ ರಾಷ್ಟ್ರೀಯ ಕ್ರಿಯಾಯೋಜನೆ ಬಂತು. ಕೋಳಿ ಸಾಕಣೆಯಲ್ಲಿ ಕೊಲಿಸ್ಟಿನ್ ಬಳಕೆಯನ್ನು 2019ರಲ್ಲಿ ನಿಷೇಧಿಸಲಾಯಿತು.

ಆದರೆ ದೊಡ್ಡ ಆಸ್ಪತ್ರೆಯ ಲೆಕ್ಕ ಗುಬ್ಬಿ, ಕುಣಿಗಲ್ಲಿನ ಸಂಗತಿಯನ್ನು ಪೂರ್ತಿ ಹೇಳಲಾರದು. ತಾಲ್ಲೂಕು ಮಟ್ಟದ ಲೆಕ್ಕ ಸಿಕ್ಕರೆ ವೈದ್ಯರ ಅಂದಾಜು ಗುರಿ ತಪ್ಪುವುದು ಕಡಿಮೆಯಾಗುತ್ತದೆ. ಬೇಗ ಫಲಿತಾಂಶ ಕೊಡುವ ಪರೀಕ್ಷೆ ಸಿಕ್ಕರೆ ಅಂದಾಜೇ ಬೇಡ. ಹೊಸ ಔಷಧಿ ಬೇಕು ನಿಜ. ಆದರೆ ಅದು ಬರಲು ಹತ್ತಾರು ವರ್ಷ ಹಿಡಿಯಬಹುದು, ಬಂದದ್ದನ್ನೂ ಡಬ್ಬಿಗೆ ಹಾಕಿದರೆ ಅದೂ ‘ಆರ್’ ಆಗುತ್ತದೆ. ಜನ ಮಾತ್ರೆಯನ್ನು ಯಾಕೆ ಉಳಿಸಿಕೊಳ್ಳುತ್ತಾರೆ ಎಂಬುದೂ ಸಂಶೋಧನೆಯ ವಿಷಯವೇ.

ಪರೀಕ್ಷೆಯ ಹಿಂದಿನ ದಿನ ಹುಡುಗಿಗೆ ನೆಗಡಿ ಹಿಡಿಯಿತು. ‘ಓದೋದು ಕೆಡುತ್ತೆ’ ಎಂದು ತಾಯಿ ಡಬ್ಬಿಗೆ ಕೈಹಾಕಿದರು.

ಮೂಲೆಯಲ್ಲಿ ಕೂತಿದ್ದ ಅಜ್ಜ ಗದರಿದರು: ‘ಅದು ವೈರಸ್ಸು ಕಣಮ್ಮ, ಆ ಮಾತ್ರೆಗೆ ಹೋಗಲ್ಲ. ಮೆಣಸಿನ ಕಷಾಯ ಕಾಯಿಸು.’